ಅಪ್ಪನಿಗೆ ಎಂಬತ್ತಾಯಿತು

ಹಳೆಯ ಕನ್ನಡಕದ ಡಬ್ಬಿಯಲ್ಲಿ ಮೊನ್ನೆ ಒಂದು ಬಸ್ ಟಿಕೆಟ್ ಸಿಕ್ಕಿತು. ದೇವದುರ್ಗದಿಂದ ರಾಯಚೂರಿಗೆ. ಮಷೀನಿನಿಂದ ಹರಿದುಕೊಟ್ಟದ್ದಾದ್ದರಿಂದ ಅಕ್ಷರಗಳು ಮಾಸುತ್ತಿವೆ. ಊರುಗಳ ಹೆಸರು ಅರ್ಧ ಹೋಗಿದೆ, ದರ ಪೂರ್ತಿ ಹೋಗಿದೆ. ಓದಲು ಬರುವುದು ಒಂದೇ ಸಾಲು: ಹಿರಿಯ ನಾಗರಿಕರು, ಒಂದು. ಆ ದಿನ ನಾವು ಮೂವರು ಪ್ರಯಾಣ ಮಾಡಿದ್ದೆವು. ನನಗೆ ಐವತ್ತೈದು, ಹಾಗಾಗಿ ನಾನು ಹಿರಿಯನಲ್ಲ. ಅವ್ವ ಹೆಂಗಸು, ಆಕೆಗೆ ಬಸ್ಸು ಉಚಿತ. ಉಳಿದವರು ನನ್ನ ಅಪ್ಪ. ಟಿಕೆಟ್ಟು ಅವರದು. ಅವರು ತೀರಿಕೊಂಡಾಗ ನನಗೆ ಆರು ವರ್ಷ.

ನಾನು ರಾಯಚೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಮೂವತ್ತು ವರ್ಷದಿಂದ ಕೂತಿದ್ದೇನೆ. ಬೇರೆಯವರು ಬರೆದ ಸುದ್ದಿಯಲ್ಲಿ ಆಗದೇ ಇದ್ದದ್ದು ಏನಾದರೂ ಸೇರಿದೆಯೇ ಎಂದು ನೋಡುವುದು ನನ್ನ ಕೆಲಸ. ಗಾಯಗೊಂಡವರು ಮೂವರೋ ನಾಲ್ವರೋ, ಕಳವಾದ ಎತ್ತು ಒಂದೋ ಜೋಡಿಯೋ, ಸತ್ತವರ ವಯಸ್ಸೆಷ್ಟು. ಅದರಲ್ಲೂ ವಯಸ್ಸು. ನಮ್ಮ ಕಡೆ ವಯಸ್ಸು ಕೇಳಿದರೆ ಜನ ಅಂಕಿ ಹೇಳುವುದಿಲ್ಲ. "ಹೊಳಿ ಊರಾಗ ಬಂದಿತ್ತಲ್ಲ, ಅವಾಗ ಅಂಬೆಗಾಲು ಇಡತಿದ್ದ ನೋಡ್ರಿ" ಎನ್ನುತ್ತಾರೆ. ಅದನ್ನು ಅಂಕಿ ಮಾಡಿ ಆವರಣದಲ್ಲಿ ಕೂರಿಸುವುದು ನನ್ನ ಪಾಲಿಗೆ ಬಂದ ಕರ್ಮ. ಇಬ್ಬರು ಬೇರೆ ಬೇರೆಯಾಗಿ ಹೇಳದೆ ನಾನು ಯಾರ ವಯಸ್ಸನ್ನೂ ಅಚ್ಚಿಗೆ ಬಿಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವುದನ್ನು ನೀವು ನಂಬಬೇಕಲ್ಲ.

ಅಪ್ಪ ಮಾನ್ವಿಯ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ತೂಕ ಮಾಡುತ್ತಿದ್ದರು. ಬಾಗಲವಾಡದ ಕಡೆಯಿಂದ ಹತ್ತಿ ಗಾಡಿಗಳು ಬಂದರೆ ತೂಗಿ ಚೀಟಿ ಬರೆಯುವುದು. ಒಮ್ಮೆ ನನ್ನನ್ನೂ ಆ ದೊಡ್ಡ ತಕ್ಕಡಿಯಲ್ಲಿ ಹತ್ತಿ ತುಂಬಿದ ಅಂಡಿಗೆಗಳ ನಡುವೆ ಕೂರಿಸಿ ತೂಗಿದ್ದರು. ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಮೂಗಿನೊಳಗೆ ಹೋಗಿದ್ದ ಹತ್ತಿಯ ಎಳೆ, ಕಾದ ಕಬ್ಬಿಣದ ಸರಪಳಿ, ಅವರ ಅಂಗಿ ತೋಳಿಗೆ ಅಂಟಿದ್ದ ಒಂದು ಹತ್ತಿಬೀಜ, ಎಲ್ಲವೂ ಇವೆ. ಮುಖ ಮಾತ್ರ ಇಲ್ಲ. ಅವರು ನನ್ನನ್ನು ನೋಡುತ್ತಿರಲಿಲ್ಲ, ತಕ್ಕಡಿಯ ಮುಳ್ಳನ್ನು ನೋಡುತ್ತಿದ್ದರು. ಅದೇ ವರ್ಷ ಜ್ವರ ಬಂದು ಎಂಟನೇ ದಿನಕ್ಕೆ ಹೋದರು. ಅವರಿಗೆ ಮೂವತ್ತೊಂದು. ಅವ್ವನಿಗೆ ಇಪ್ಪತ್ತೈದು.

ಅವರದು ಇದ್ದದ್ದು ಒಂದೇ ಫೋಟೋ, ಫ್ಯಾಕ್ಟರಿ ಪಾಸಿಗೆ ತೆಗೆಸಿದ್ದು, ಬೆರಳಿನ ಉಗುರಿಗಿಂತ ತುಸು ದೊಡ್ಡದು. ಅವ್ವ ಅದನ್ನು ತವರೂರಾದ ದೇವದುರ್ಗಕ್ಕೆ ಒಯ್ದು ಹುಸೇನಪ್ಪನ ಕೈಗೆ ಕೊಟ್ಟಳು. ಹುಸೇನಪ್ಪ ಅಂಗಡಿ ಬೋರ್ಡು ಬರೆಯುವವನು. ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಲಾರಿಯ ಹಿಂದಿನ 'ಹಾರನ್', ಆಸ್ಪತ್ರೆ ಗೋಡೆಯ ಕೆಂಪು ತ್ರಿಕೋನ, ಎಲ್ಲ ಅವನದೇ ಕೈ. ಮುಖ ಬರೆಯುವುದಕ್ಕೂ ಅವನು ಅದೇ ತಗಡು, ಅದೇ ಎನಾಮಲ್ ಬಣ್ಣ ಬಳಸುತ್ತಿದ್ದ. ಮೂರು ದಿನದಲ್ಲಿ ಅಪ್ಪ ಎರಡು ಅಡಿ ಎತ್ತರವಾಗಿ ತಗಡಿನ ಮೇಲೆ ಬಂದರು. ಎಡಗಿವಿ ಒಂದು ಬಾಕಿ ಇತ್ತು. ಹುಸೇನಪ್ಪ ಬೀಡಿ ಹಚ್ಚಲು ಎದ್ದು ಹೋದ. ಆಗ ಅವನ ಮನೆಯ ಆಡು ಬಂದು ಫೋಟೋ ತಿಂದಿತು.

ಇದಕ್ಕೆ ಸಾಕ್ಷಿ ನಾನೇ. ಅವ್ವನ ಜೊತೆ ಕಟ್ಟೆಯ ಮೇಲೆ ಕೂತಿದ್ದೆ. ಆಡು ಅವಸರ ಮಾಡಲಿಲ್ಲ, ತುಳಸಿ ಎಲೆಯ ಹಾಗೆ ತಿಂದಿತು. ಹುಸೇನಪ್ಪ ಹಿಂದಿರುಗಿ ಬಂದು ಆಡನ್ನು ನೋಡಿದ, ತಗಡನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಬಾರಲೇ ಇಲ್ಲಿ. ಆ ಕಡಿ ಮಾರಿ ಮಾಡಿ ನಿಂದ್ರು. ಅಳ್ಳಾಡಬ್ಯಾಡ."

ಹೀಗೆ ನನ್ನ ಅಪ್ಪನ ಎಡಗಿವಿ ನನ್ನದು.

ಚಿತ್ರ ಗೋಡೆಯ ಮೇಲೆ ಹತ್ತು ವರ್ಷ ಸುಮ್ಮನೆ ಇತ್ತು. ಒಂದು ದಿನ ಸ್ಟೀಲ್ ಪಾತ್ರೆ ಮಾರುವವಳು ಪಡಸಾಲೆಗೆ ಬಂದು ಬುಟ್ಟಿ ಇಳಿಸಿ, ಚಿತ್ರ ನೋಡಿ, "ನಿನ್ನ ತಮ್ಮನೇನ್ ಯವ್ವಾ?" ಎಂದು ಕೇಳಿದಳು. ಅವ್ವನಿಗೆ ಆಗ ಮೂವತ್ತೈದು. ತಗಡಿನ ಅಪ್ಪನಿಗೆ ಇನ್ನೂ ಮೂವತ್ತೊಂದು. ಅವ್ವ ಪಾತ್ರೆ ಕೊಳ್ಳಲಿಲ್ಲ. ಮರುದಿನ ತಗಡನ್ನು ದುಪ್ಪಟಿಯಲ್ಲಿ ಸುತ್ತಿ ದೇವದುರ್ಗದ ಬಸ್ಸು ಹತ್ತಿದಳು.

"ಹುಸೇನಪ್ಪ, ಇವ್ರಿಗೆ ವಯಸ್ಸು ಹಚ್ಚು."

"ಎಷ್ಟು ಹಚ್ಚಲಿ ಯಕ್ಕಾ?"

"ನನಗಿಂತ ಆರು ವರ್ಷ ಹೆಚ್ಚಿಗಿ. ಅವಾಗೂ ಅಷ್ಟೇ ಇತ್ತು."

ಅವನು ಒಂದು ಬೀಡಿ ಮುಗಿಯುವ ತನಕ ಯೋಚಿಸಿದ. ಆಮೇಲೆ ಸಣ್ಣ ಕುಂಚ ತೆಗೆದುಕೊಂಡು ಎರಡು ಕಣತಲೆಯ ಮೇಲೂ ನಾಲ್ಕು ನಾಲ್ಕು ಬಿಳಿ ಕೂದಲು ಎಳೆದ. ಅಲ್ಲಿಂದ ಶುರು. ಪ್ರತಿ ವರ್ಷ ಹಿರಿಯರ ಅಮಾವಾಸ್ಯೆ ಹತ್ತಿರ ಬಂದಾಗ ಎಲ್ಲರ ಮನೆಯಲ್ಲಿ ಸತ್ತವರ ಫೋಟೋ ಇಳಿಸಿ ಒರೆಸುತ್ತಾರೆ. ನಮ್ಮ ಮನೆಯಲ್ಲಿ ಇಳಿಸಿ ದೇವದುರ್ಗಕ್ಕೆ ಒಯ್ದು ಒಂದು ವರ್ಷ ದೊಡ್ಡವರನ್ನಾಗಿ ಮಾಡಿಸಿಕೊಂಡು ಬರುತ್ತೇವೆ. ಒಂದು ವರ್ಷ ಹಣೆಗೆ ಗೆರೆ ಬಂತು. ಒಂದು ವರ್ಷ ಕಣ್ಣಿಗೆ ಚಾಳೀಸು, ಅಂದರೆ ಕನ್ನಡಕ, ಬಂತು. ಒಂದು ವರ್ಷ ಅವ್ವ, "ಸಕ್ಕರಿ ಬಂದದ ಅವ್ರಿಗೆ, ಗಲ್ಲ ಸ್ವಲ್ಪ ಇಳಸು" ಎಂದಳು. ಯಾವ ಡಾಕ್ಟರು ಹೇಳಿದರು ಎಂದು ನಾನು ಕೇಳಿದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ಗಲ್ಲ ಇಳಿಯಿತು. ಎರಡು ವರ್ಷದ ಹಿಂದೆ ಚಾಳೀಸಿನ ಕಡ್ಡಿ ಮುರಿಯಿತು, ಅವ್ವನ ಲೆಕ್ಕದಲ್ಲಿ. ಅದಕ್ಕೆ ಕರಿ ದಾರ ಕಟ್ಟಿಸಿದಳು, ಬಣ್ಣದಲ್ಲಿ.

ಎನಾಮಲ್ ಬಣ್ಣದ ಗುಣ ನಿಮಗೆ ಗೊತ್ತಿರಬಹುದು. ಹಚ್ಚಿದಷ್ಟೂ ದಪ್ಪವಾಗುತ್ತದೆ. ವರ್ಷಕ್ಕೊಂದು ಪದರ ಬಿದ್ದು ಅಪ್ಪನ ಮೂಗು ತಗಡು ಬಿಟ್ಟು ಮುಂದೆ ಬಂದಿದೆ. ಹುಬ್ಬಿನ ಮೇಲೆ ಧೂಳು ಕೂರುತ್ತದೆ. ಜೀವನವಿಡೀ ಬೇರೆಯವರ ತೂಕ ಬರೆದವರು ಸತ್ತ ಮೇಲೆ ಮೂರು ಕಿಲೋ ಹೆಚ್ಚಾಗಿದ್ದಾರೆ. ಇದನ್ನು ನಾನು ತಕ್ಕಡಿಯಲ್ಲಿ ಇಟ್ಟೇ ಹೇಳುತ್ತಿದ್ದೇನೆ.

ಪತ್ರಿಕೆಗೆ ಸೇರಿದ ಹೊಸತರಲ್ಲಿ ನನಗೆ ಸತ್ಯದ ಹುಚ್ಚು ಜಾಸ್ತಿ ಇತ್ತು. ಒಂದು ವರ್ಷ ಹುಸೇನಪ್ಪನಿಗೆ ಹೇಳಿದೆ: "ಕಾಕಾ, ಇದು ದಾಖಲೆ ತಿದ್ದಿದಂಗ. ಸತ್ತ ಮನಷಾ ಮೂವತ್ತೊಂದಕ್ಕ ಸತ್ತಾನ. ಅಲ್ಲೇ ಬಿಡಬೇಕು."

ಅವನು ಕುಂಚ ಒರೆಸುತ್ತ ಕೇಳಿದ: "ನಿಮ್ಮ ಪೇಪರ್ ದಿನಾ ಬರ್ತದಿಲ್ರಿ?"

"ಬರ್ತದ."

"ನಿನ್ನೀದೇ ಖರೆ ಇತ್ತಂದ್ರ ಇವತ್ತಿಂದು ಯಾಕ ಬೇಕ್ರಿ?"

ಕುಂಚವನ್ನು ಡಬ್ಬಿಗೆ ಹಾಕಿ ಅವನೇ ಮುಂದುವರಿಸಿದ. "ಬೋರ್ಡಿಗೂ ಮಾರಿಗೂ ಭಾಳ ಫರಕ್ ಇಲ್ರಿ. ಬರದು ಬಿಟ್ರ ಬಿಸಲು ತಿಂತದ. ನಮ್ಮ ರಾಯಚೂರ್ ಬಿಸಲಿಗೆ ಯಾವ ಮಾರಿ ತಡೀತದ? ಇದ್ದಂಗ ಇರಬೇಕಂದ್ರ ವರ್ಷಾ ಬದಲ್ ಮಾಡಬೇಕು. ಬದಲ್ ಮಾಡಲಿಲ್ಲಂದ್ರ ಇದ್ದಂಗ ಇರಂಗಿಲ್ಲ."

ಈ ಮಾತನ್ನು ನಾನು ಎರಡು ಸಲ ಬರೆದುಕೊಂಡು ಎರಡು ಸಲವೂ ಹೊಡೆದುಹಾಕಿದ್ದೇನೆ. ಡೆಸ್ಕಿನವನಿಗೆ ಅದು ಒಪ್ಪುವ ವಾಕ್ಯವಲ್ಲ.

ಫ್ಲೆಕ್ಸ್ ಬಂದ ಮೇಲೆ ಹುಸೇನಪ್ಪನಿಗೆ ಬೋರ್ಡಿನ ಕೆಲಸ ನಿಂತಿತು. ಕಣ್ಣಿಗೆ ಪೊರೆಯೂ ಬಂತು. ಕೊನೆಗೆ ಅವನಿಗೆ ಉಳಿದದ್ದು ಎರಡೇ ಗಿರಾಕಿ: ನಮ್ಮ ಅಪ್ಪ, ಮತ್ತು ಹೊಳೆದಂಡೆಯ ಗೂಗಲ್ ಎಂಬ ಊರಿನ ದುರುಗಮ್ಮನ ಗಂಡ. ಈ ದುರುಗಮ್ಮ ಒಮ್ಮೆ ನಮ್ಮ ತಗಡು ಅವನ ಕಟ್ಟೆಯಲ್ಲಿ ಒಣಗುತ್ತಿದ್ದುದನ್ನು ನೋಡಿ, ವಿಷಯ ತಿಳಿದು, ತನ್ನ ಗಂಡನಿಗೂ ಅದೇ ವ್ಯವಸ್ಥೆ ಮಾಡಿಸಿದ್ದಳು. ಅವಳ ಗಂಡ ಕೃಷ್ಣಾ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವನು, ಹರೆಯದಲ್ಲೇ ಹೋದವನು. ಎರಡು ತಗಡೂ ಒಂದೇ ಅಳತೆ. ಬರೆದ ಕೈ ಒಂದೇ, ಮಾಸಿದ ಕಣ್ಣೂ ಒಂದೇ. ಎಂಬತ್ತರ ಹತ್ತಿರ ಬರುವ ಹೊತ್ತಿಗೆ ತೂಕದವರೂ ಅಂಬಿಗರೂ ಒಂದೇ ತರಹ ಕಾಣತೊಡಗಿದ್ದರು.

ಹೋದ ವರ್ಷದ ಹಬ್ಬ ಮುಗಿದು, ಈ ವರ್ಷದ ಅಮಾವಾಸ್ಯೆಗೆ ಹತ್ತು ದಿನ ಇರುವಾಗ ಅವ್ವ ಚಹಾ ಕುಡಿಯುತ್ತ ಹೇಳಿದಳು: "ನಡಿ, ಇವ್ರನ್ನ ಬಿಟ್ಟು ನಮ್ಮವ್ರನ್ನ ಕರ್ಕೊಂಡು ಬರೂಣು."

"ಯಾರನ್ನ ಬಿಟ್ಟು?"

ಅವ್ವ ಗೋಡೆಯ ಕಡೆ ಗಲ್ಲ ತಿರುಗಿಸಿದಳು. "ಇವ್ರು ಗೂಗಲ್ಲಿನವ್ರು. ಹುಸೇನಪ್ಪ ಅದಲಿ ಬದಲಿ ಕಟ್ಟಿ ಕೊಟ್ಟಾನ."

ನಾನು ಎದ್ದು ಹೋಗಿ ನೋಡಿದೆ. ಚಾಳೀಸಿಗೆ ದಾರ ಇರಲಿಲ್ಲ. ಒಂದು ವರ್ಷ, ದಿನಕ್ಕೆ ಕಡಿಮೆ ಎಂದರೂ ನಾಲ್ಕು ಸಲ, ನಾನು ಆ ಗೋಡೆಯ ಮುಂದೆ ಹಾದು ಹೋಗಿದ್ದೇನೆ. ಮೂರನೇ ಪುಟದ ಮೂಲೆಯಲ್ಲಿ ಒಂದು ಸೊನ್ನೆ ತಪ್ಪಿದರೆ ಕಂಡುಹಿಡಿಯುವವನು ನಾನು. ಅಪ್ಪ ಬದಲಾದದ್ದು ಕಂಡಿರಲಿಲ್ಲ.

"ಯವ್ವಾ, ನಿನಗ ಯಾವಾಗ ಗೊತ್ತಾತು?"

"ದುಪ್ಪಟಿ ಬಿಚ್ಚಿದಾಗ."

"ಒಂದು ವರ್ಷ ಸುಮ್ಮನ ಕುಂತಿದ್ದೇನು?"

"ಹಬ್ಬ ನಾಕು ದಿನ ಇತ್ತು. ಬಾಗಿಲಿಗೆ ಬಂದವ್ರನ್ನ ಎಡಿ ಹಿಡಿಯೋ ಹೊತ್ತಿಗೆ ಹೋಗ್ರಿ ಅನ್ನಾಕ ಬರ್ತದೇನು?"

"ಹಬ್ಬ ಆದ ಮ್ಯಾಲ?"

"ದೀಪಾವಳಿ ಬಂತು."

ಆಗ ನನಗೆ ಒಂದು ವಿಷಯ ಹೊಳೆಯಿತು. ಹೋದ ವರ್ಷದಿಂದ ಅವ್ವ ಪಡಸಾಲೆಗೆ ಬಂದಾಗಲೆಲ್ಲ ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಫ್ಯಾನಿನ ಗಾಳಿಗೆ ತಲೆನೋವು ಬರುತ್ತಿರಬೇಕು ಎಂದು ನಾನು ಫ್ಯಾನನ್ನು ಎರಡಕ್ಕೆ ಇಳಿಸಿದ್ದೆ. ಪರ ಗಂಡಸಿನ ಮುಂದೆ ಆಕೆ ವರ್ಷವಿಡೀ ಸೆರಗು ಹೊದ್ದು ಓಡಾಡಿದ್ದಳು.

ಹುಸೇನಪ್ಪನಿಗೆ ಫೋನ್ ಮಾಡಿದೆವು. ಅವನು ಗೂಗಲ್ಲಿಗೆ ಹೇಳಿ ಕಳಿಸಿದ. ಗುರುವಾರ ಬೆಳಿಗ್ಗೆ ದೇವದುರ್ಗದ ಅವನ ಕಟ್ಟೆಯ ಮೇಲೆ ಎರಡು ತಗಡುಗಳನ್ನು ಅಕ್ಕಪಕ್ಕ ನಿಲ್ಲಿಸಿ ನಾವು ನಾಲ್ವರು ಎದುರಿಗೆ ಕೂತೆವು. ನನಗೆ ಒಂದೇ ಆತಂಕ: ಅಪ್ಪನನ್ನು ಮನೆಗೆ ತರದಿದ್ದರೆ ಈ ಹಬ್ಬಕ್ಕೆ ಅವ್ವ ಯಾರ ಮುಂದೆ ಎಡೆ ಇಡುತ್ತಾಳೆ? ಇನ್ನೊಂದು ವರ್ಷ ಕಾಯುವ ವಯಸ್ಸಲ್ಲ ಆಕೆಯದು. ಕಾಯುವ ಕಣ್ಣೂ ಅಲ್ಲ ಹುಸೇನಪ್ಪನದು.

ದುರುಗಮ್ಮ ಗಟ್ಟಿ ಹೆಂಗಸು. ಎಲೆ ಅಡಿಕೆ ದವಡೆಗೆ ಒತ್ತಿಕೊಂಡು ನೇರವಾಗಿ ಹೇಳಿದಳು: "ಅದಲಿ ಬದಲಿ ಏನೂ ಆಗಿಲ್ಲ. ನಾ ತಂದಿದ್ದು ನಮ್ಮಂವನ್ನೇ."

ಅವ್ವ ಮೆಲ್ಲಗೆ ಹೇಳಿದಳು: "ಚಾಳೀಸಿಗೆ ದಾರ ಅದ ನೋಡವ್ವ. ನಾನೇ ಕಟ್ಟಿಸೀನಿ."

"ದಾರ ಯಾರ ಬೇಕಾದ್ರೂ ಕಟ್ಟತಾರ. ಇವ್ರು ಬಂದ ಮ್ಯಾಲ ನನ್ನ ಮಮ್ಮಗಳಿಗೆ ನರ್ಸಿಂಗ್ ಸೀಟ್ ಸಿಕ್ತು. ಮನ್ಯಾಗ ಜಗಳ ನಿಂತು. ಇವ್ರು ನಮ್ಮವ್ರೇ."

"ನಿಮ್ಮವ್ರು ಇದ್ದಾಗ ನಿಂತಿದ್ದಿಲ್ಲೇನು ಜಗಳ?"

"ಅಂವನೇ ಹಚ್ಚತಿದ್ದ ಜಗಳ."

ಹುಸೇನಪ್ಪ ಎರಡು ತಗಡಿಗೂ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದ. "ಎರಡೂ ನನ್ನ ಕೆಲಸನೇ" ಎಂದ. ಅದರಿಂದ ಏನೂ ಇತ್ಯರ್ಥವಾಗಲಿಲ್ಲ.

ಆಗ ನಾನು ಬಾಯಿ ಹಾಕಿದೆ. "ಕಾಕಾ, ತಳದಾಗ ಮೊದಲಿನ ಮಾರಿ ಅದಲ್ಲ? ಫೋಟೋ ನೋಡಿ ಬರದದ್ದು. ಮ್ಯಾಲಿನ ಬಣ್ಣ ಇಳಿಸಿದ್ರ ಖರೆ ಯಾವುದು ಗೊತ್ತಾಗ್ತದ."

"ಇಳೀತದ" ಎಂದ ಅವನು. "ಬಣ್ಣ ತೆಗಿಯೋ ಎಣ್ಣಿ ಇನ್ನೂ ಅರ್ಧ ಡಬ್ಬಿ ಅದ. ಖರೆ, ತಳ ಸಿಗಬೇಕಂದ್ರ ಮ್ಯಾಲಿಂದು ಪೂರಾ ಹೋಗ್ತದ. ತಿರುಗಿ ಬರಿಯಾಕ ನನ್ನ ಕೈಲಿ ಆಗಂಗಿಲ್ಲ."

ನಿಜ ಹೇಳಿಬಿಡುತ್ತೇನೆ. ದುರುಗಮ್ಮನ ತಕರಾರು ನನಗೆ ಒಂದು ನೆವ ಅಷ್ಟೇ. ಆ ಬಣ್ಣದ ಕೆಳಗೆ, ಮೂರು ಕಿಲೋ ವಯಸ್ಸಿನ ಕೆಳಗೆ, ತಕ್ಕಡಿಯ ಮುಳ್ಳು ನೋಡುತ್ತ ನಿಂತವರ ಮುಖ ಇತ್ತು. ಆಡು ತಿಂದ ಮೇಲೆ ಅದು ಇದ್ದದ್ದು ಅಲ್ಲಿ ಮಾತ್ರ. ಜಿಲ್ಲೆಯ ಎಲ್ಲರ ಹೆಸರು, ವಯಸ್ಸು, ಊರು ಸರಿ ಮಾಡಿದವನಿಗೆ ತನ್ನ ಅಪ್ಪನ ಮುಖ ಒಮ್ಮೆ ನೋಡಬೇಕು ಅನ್ನಿಸಿದರೆ ಅದು ದೊಡ್ಡ ಆಸೆಯೇನಲ್ಲ. "ಇಳಿಸ್ರಿ" ಎಂದೆ.

ಹುಸೇನಪ್ಪ ಡಬ್ಬಿ ತಂದ. ಮುಚ್ಚಳ ಬಿಗಿಯಾಗಿತ್ತು. ಅವನು ತಿರುವುತ್ತಿದ್ದಂತೆ ಅವ್ವ ಕೂತಲ್ಲಿಂದ ಎದ್ದಳು.

"ಯಾರು ಬೇಕಾಗ್ಯಾರ ನಿನಗ?" ನನ್ನನ್ನೇ ಕೇಳಿದಳು.

"ಅಪ್ಪ."

"ತಳದಾಗ ಇರೋದು ನಿಮ್ಮಪ್ಪ ಅಲ್ಲ. ಆ ಹುಡುಗ ನನ್ನ ಜೋಡಿ ಏಳು ವರ್ಷ ಇದ್ದ, ಅದರಾಗ ಒಂದು ವರ್ಷ ನಾ ತವರಿನಾಗ ಇದ್ದೆ. ಈ ಮುದುಕ ನಲವತ್ತೊಂಬತ್ತು ವರ್ಷ ಇದ್ದಾನ. ನಿನ್ನ ಸಾಲಿಗೆ ಹಚ್ಚಾಕ ಇವನ್ನ ಕೇಳಿ ಹಚ್ಚೀನಿ. ನಿನ್ನ ಮದಿವಿ ಇವನ್ನ ಕೇಳಿ ಮಾಡೀನಿ. ಆ ಹುಡುಗನ್ನ ಹೊರಗ ತಗದು ನಾ ಏನ್ ಮಾತಾಡ್ಲಿ? ನನ್ನ ನೋಡಿ ಯಾವ ಮುದುಕಿ ಈಕಿ ಅಂತಾನ."

ಹುಸೇನಪ್ಪ ಡಬ್ಬಿ ತಿರುವುವುದನ್ನು ನಿಲ್ಲಿಸಿದ. ರಸ್ತೆಯಲ್ಲಿ ಒಂದು ಟಂಟಂ ಗಾಡಿ ಹಾರನ್ ಹೊಡೆದುಕೊಂಡು ಹೋಯಿತು. ದುರುಗಮ್ಮ ಎಲೆ ಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ಹಾಕಿಕೊಂಡಳು.

"ನಿಮ್ಮವ್ರೇ ತಗೋಬೇ" ಎಂದಳು ಕೊನೆಗೆ. "ನನಗೂ ಹಬ್ಬದ ದಿನಾನೇ ಸಂಶೇ ಬಂದಿತ್ತು. ಹೊಳಿ ಮೀನು ಎಲಿ ತುಂಬ ಇಟ್ಟಿದ್ದೆ. ಮುಟ್ಟಲಿಲ್ಲ."

"ಅವ್ರಿಗೆ ಮುಳ್ಳು ಆಗಂಗಿಲ್ಲ" ಎಂದಳು ಅವ್ವ. "ನಾನೂ ಬದನಿಕಾಯಿ ಎಣಗಾಯಿ ಇಟ್ಟಿದ್ದೆ. ನಿಮ್ಮವ್ರೂ ಮುಟ್ಟಲಿಲ್ಲ."

"ಬದನಿಕಾಯಿ ಅಂದ್ರ ತಾಟು ಒಗೀತಿದ್ದ" ಎಂದು ದುರುಗಮ್ಮ ನಕ್ಕಳು. ಇಬ್ಬರಿಗೂ ಇದು ಸಾಕಷ್ಟು ಪುರಾವೆಯಾಯಿತು. ಮುಟ್ಟದೇ ಇದ್ದವರು ಇನ್ನಾರಾದರೂ ಆಗಿರಬಹುದಿತ್ತು ಎಂದು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ.

ಅಂಬಿಗರನ್ನು ಬೀಳ್ಕೊಡುವಾಗ ಅವ್ವ ಸೆರಗು ಸರಿಮಾಡಿಕೊಂಡು, "ಏನಾರ ಕಮ್ಮಿ ಆಗಿದ್ರ ಮನಸಿಗೆ ಹಚ್ಕೋಬ್ಯಾಡ್ರಿ" ಎಂದಳು. ದುರುಗಮ್ಮ ಅವರನ್ನು ಕಂಕುಳಲ್ಲಿ ಇರುಕಿಕೊಂಡು ಗೂಗಲ್ಲಿನ ಗಾಡಿ ಹತ್ತಿದಳು. ಅವ್ವ ತಲೆಯ ಮೇಲಿನ ಸೆರಗನ್ನು ಹೆಗಲಿಗೆ ಇಳಿಸಿದ್ದನ್ನು ನಾನು ಈ ಸಲ ಗಮನಿಸಿದೆ.

"ಈ ವರ್ಷ ಏನು ಮಾಡ್ಲಿ ಯಕ್ಕಾ?" ಹುಸೇನಪ್ಪ ಕುಂಚ ಹುಡುಕುತ್ತ ಕೇಳಿದ. "ಭಾಳ ಸಣ್ಣ ಕೆಲಸ ಹೇಳಬ್ಯಾಡ್ರಿ, ಕಾಣಂಗಿಲ್ಲ."

ಅವ್ವ ಅಪ್ಪನನ್ನು ಸ್ವಲ್ಪ ಹೊತ್ತು ನೋಡಿದಳು. "ಕಿವಿ ಮಂದ ಆಗ್ಯಾವ" ಎಂದಳು. "ಎಷ್ಟು ಕರದರೂ ಓ ಅನ್ನಂಗಿಲ್ಲ."

"ಮಷೀನ್ ಹಚ್ಚೂಣೇನು?"

"ಹಚ್ಚು."

ಅವನು ತಗಡಿನ ಎಡಗಿವಿಯ ಮೇಲೆ ಬೆರಳಿಟ್ಟು ತಡವಿದ. ಆಮೇಲೆ ನನ್ನನ್ನು ಕರೆದ. "ಪೇಪರ್‌ನವ್ರ, ಇಲ್ಲಿ ಬೆರಳು ಇಟ್ಟು ನೋಡ್ರಿ."

ಇಟ್ಟೆ. ಸುತ್ತಲಿನ ಕೂದಲು, ಗಲ್ಲ ಎಲ್ಲ ಉಬ್ಬಿ ನಿಂತಿದ್ದವು. ಕಿವಿಯ ಜಾಗದಲ್ಲಿ ಮಾತ್ರ ಒಂದು ಸಣ್ಣ ಕುಳಿ. ಬೆರಳ ತುದಿಗೆ ತಗಡಿನ ತಂಪು ತಾಗಿತು.

"ಇದಕ್ಕ ನಾನು ಕುಂಚ ಹಚ್ಚೇ ಇಲ್ರಿ, ಅವತ್ತಿಂದ. ಉಳಿದಿದ್ದೆಲ್ಲ ಫೋಟೋ ನೋಡಿ ಬರದದ್ದು, ಬದಲ್ ಮಾಡಿದ್ರ ನಡೀತದ. ಇದು ನಿಂತಾಂವನ್ನ ನೋಡಿ ಬರದದ್ದು. ಅವ ದಿನಾ ತಾನೇ ಬದಲ್ ಆಗಾಕತ್ತಾನ, ನಾ ಯಾಕ ಮಾಡ್ಲಿ ಅಂತ ಬಿಟ್ಟೀನಿ." ಅವನು ಕುಂಚ ಬಣ್ಣದಲ್ಲಿ ಅದ್ದಿ ಕಾಯುತ್ತ ನಿಂತ. "ಮಷೀನ್ ಇಲ್ಲಿಟ್ರ ಇದು ಮುಚ್ಚತದ. ಹೇಳ್ರಿ."

ಆರು ವರ್ಷದ ಕಿವಿ ಎಂಬತ್ತು ವರ್ಷದ ಮುಖದಲ್ಲಿ ಕೂತಿತ್ತು. ದುರುಗಮ್ಮನ ಮುಂದೆ ಹಿಡಿಯಬಹುದಾಗಿದ್ದ ಗಟ್ಟಿ ಪುರಾವೆ ಇದೊಂದೇ, ಅದೂ ತಡವಾಗಿ ಬಂತು. ಮೂವತ್ತು ವರ್ಷದಲ್ಲಿ ಈ ಚಿತ್ರದ ಬಗ್ಗೆ ನಾನು ಆಕ್ಷೇಪ ಎತ್ತಿದ್ದೇನೆಯೇ ಹೊರತು ಹೀಗೆ ಮಾಡು ಎಂದು ಹೇಳಿದವನಲ್ಲ.

"ಬಲಗಿವಿಗೆ ಹಚ್ರಿ ಕಾಕಾ" ಎಂದೆ. "ಎಡಗಿವಿ ಚೊಲೋ ಅದ. ಅದು ಕೇಳ್ತದ."

ಅವ್ವ ಹೌದೆಂದು ತಲೆ ಆಡಿಸಿದಳು.

ಎನಾಮಲ್ ಒಣಗಲು ಒಂದು ದಿನ ಬೇಕು. ನಮಗೆ ಅಷ್ಟು ಹೊತ್ತು ಇರಲಿಲ್ಲ. ಹಸಿ ಬಣ್ಣದ ಮೇಲೆ ದುಪ್ಪಟಿ ಸುತ್ತುವಂತಿಲ್ಲ, ತೊಡೆಯ ಮೇಲೆ ಇಟ್ಟರೆ ಅಂಗಿಗೆ ಮಷೀನ್ ಅಂಟುತ್ತದೆ. ಹಾಗಾಗಿ ಬಸ್ಸಿನಲ್ಲಿ ಮೂವರ ಸೀಟಿನ ಕಿಟಕಿ ಪಕ್ಕ ಅಪ್ಪನನ್ನು ಕೂರಿಸಿದೆವು, ನಡುವೆ ಅವ್ವ, ಈ ಕಡೆ ನಾನು. ಗಬ್ಬೂರಿನಲ್ಲಿ ಜನ ತುಂಬಿದರು. ಕಂಡಕ್ಟರ್ ಜನರನ್ನು ಸರಿಸಿಕೊಂಡು ಬಂದು ಸೀಟು ನೋಡಿದ.

"ಇದನ್ನ ಮ್ಯಾಲ ಇಡ್ರಿ. ಮಂದಿ ನಿಂತಾರ."

"ಹಸಿ ಅದಾರಪ್ಪಾ" ಎಂದಳು ಅವ್ವ.

"ಸೀಟ್ ಹಿಡಿದ್ರ ಟಿಕೆಟ್ ಹರೀಬೇಕಾಗ್ತದಬೇ. ಲಗೇಜ್ ಹಾಕ್ಲೇನು?"

"ಲಗೇಜ್ ಅಂತೀಯೇನೋ ಯಪ್ಪಾ? ನಮ್ಮ ಯಜಮಾನ್ರು ಅವ್ರು."

ಕಂಡಕ್ಟರ್ ಅಪ್ಪನನ್ನು ನೋಡಿದ. ದಾರ ಕಟ್ಟಿದ ಚಾಳೀಸು, ಮುಂದೆ ಬಂದ ಮೂಗು, ಬಲಗಿವಿಯ ಮೇಲೆ ಹೊಳೆಯುತ್ತಿದ್ದ ಹೊಸ ಮಷೀನ್. ಅವನ ಕೈ ಟಿಕೆಟ್ ಮಷೀನಿನ ಗುಂಡಿಯ ಮೇಲೆ ನಿಂತಿತು. ಹಿಂದಿನಿಂದ ಯಾರೋ, "ಏ, ಲಗೂ ಕೊಡಪಾ, ಕಲ್ಮಲ ಬಂತು" ಎಂದು ಕೂಗಿದರು.

"ಹೆಂಗಸರಾದ್ರ ಫ್ರೀ" ಎಂದು ಅವನು ತನ್ನಷ್ಟಕ್ಕೆ ಗೊಣಗಿದ. "ಗಂಡಸರು. ಫುಲ್ ಹಾಕ್ಲೋ, ಹಿರೇರು ಅಂತ ಹಾಕ್ಲೋ?" ಆಮೇಲೆ ಬಗ್ಗಿ, ಅಭ್ಯಾಸದಿಂದ, ತಗಡಿನ ಕಡೆಗೇ ಕೇಳಿದ: "ಅಜ್ಜಾ, ವಯಸ್ಸೆಷ್ಟು?"

"ಜೋರಾಗಿ ಕೇಳು, ಆ ಕಿವಿ ಮಂದ ಅದ" ಎಂದಳು ಅವ್ವ.

ಅವನು ಜೋರಾಗಿ ಕೇಳಿದ. ಬಸ್ಸಿನವರೆಲ್ಲ ಈ ಕಡೆ ತಿರುಗಿದರು. ಅವ್ವ ನನ್ನ ಕಡೆ ನೋಡಿದಳು. ಇಬ್ಬರಿಂದ ಕೇಳಿ ಖಚಿತ ಮಾಡಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

"ಎಂಬತ್ತು" ಎಂದೆ.